ಮಣ್ಣಿಗಿಳಿಸುವ ಕೈ

ಕರಾವಳಿಯ ರಸ್ತೆಗಳಲ್ಲಿ ಯಾವ ಗ್ರಂಥದಲ್ಲಿಯೂ ಬರೆಯದ, ಆದರೆ ಯಾರೂ ಮೀರದ ಒಂದು ಶಾಸನವುಂಟು. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಕೇಳಿದೊಡನೆ, ಮುಂದಿರುವುದು ಸ್ಕೂಟರಾಗಲಿ, ರಿಕ್ಷಾವಾಗಲಿ, ಸಣ್ಣ ಕಾರಾಗಲಿ, ಡಾಂಬರನ್ನು ಬಿಟ್ಟು ಎಡಬದಿಯ ಮಣ್ಣಿಗೆ ಇಳಿಯತಕ್ಕದ್ದು. ಹೆದ್ದಾರಿ ನಾಲ್ಕು ಪಥವಾದ ಮೇಲೂ ಈ ಶಾಸನ ರದ್ದಾಗಲಿಲ್ಲ. ಒಳರಸ್ತೆಗಳಲ್ಲಂತೂ ಅದು ಇನ್ನೂ ಸಾರ್ವಭೌಮವಾಗಿಯೇ ಇದೆ.

ತೆಕ್ಕಟ್ಟೆಯ ವನಜ ಇದನ್ನು ಕಲಿತದ್ದು ಸೈಕಲ್ ತುಳಿಯುತ್ತಿದ್ದ ಹುಡುಗಾಟದ ದಿನಗಳಲ್ಲಿ. ಅವಳ ಗಂಡ ರಾಜೀವನಾದರೋ ಆ ಹಾರ್ನನ್ನೇ ಒತ್ತಿ ಒತ್ತಿ ಅರ್ಧ ಆಯುಸ್ಸು ಕಳೆದವನು. ಕುಂದಾಪುರದಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು ಓಡಿಸಿ, ಕಾಲಿನ ಮೊಣಗಂಟು ಕೈಕೊಟ್ಟ ಮೇಲೆ ಮನೆಯಲ್ಲಿ ಕುಳಿತಿದ್ದ. ಮನೆ ನಡೆಯುತ್ತಿದ್ದದ್ದು ಮೀನಿನಿಂದ. ವನಜ ಬೆಳಗಿನ ಜಾವ ಗಂಗೊಳ್ಳಿಯ ಬಂದರಿನಲ್ಲಿ ಏಲಂ ಕೂಗಿ ಬಂಗುಡೆ, ಅಂಜಲು ಹಿಡಿಯುವಳು. ಅದು ಅವರ ಸ್ವಂತ ಪಿಕ್‌ಅಪ್ ಗಾಡಿಯಲ್ಲಿ ಐಸಿನೊಡನೆ ಬ್ರಹ್ಮಾವರ, ಬಾರ್ಕೂರುಗಳ ಹೋಟೆಲುಗಳಿಗೆ ಹೋಗುವುದು. ಗಾಡಿ ಓಡಿಸುತ್ತಿದ್ದ ಪದ್ದು, ಭಾವನ ಬೋಟಿಗೆಂದು ರತ್ನಾಗಿರಿಗೆ ಹೊರಟುಹೋದ. ಬೇರೆ ಡ್ರೈವರು ಸಿಗಲಿಲ್ಲ. ಸಿಕ್ಕಿದವನೊಬ್ಬ ಏಲಂ ಮುಗಿದ ಮೇಲೆ ಎದ್ದು ಬರುವವನು.

“ಗಾಡಿ ನಾನೇ ಬಿಡ್ತೆ,” ಎಂದಳು ವನಜ.

ರಾಜೀವ ಮೊಣಗಂಟಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ನೀ ಕಾರ್ ಬಿಡುದ್ ನಾ ಕಂಡಿದೆ. ಹಾರ್ನ್ ಕೇಂಡ್ ಕೂಡ್ಲೆ ಮಣ್ಣಿಗ್ ಇಳ್ಸ್ತೆ. ಕಾರಾದ್ರೆ ಹತ್ತಿ ಬತ್ತ್. ಐಸ್ ತುಂಬಿದ್ ಗಾಡಿ ಒಂದ್ ಬದಿ ಇಳ್ದ್ರೆ ಹತ್ತುದಿಲ್ಲೆ ಮಾರಾಯ್ತಿ, ಮಗ್ಚುದೇ.”

ಇದು ಕುಹಕವಾಗಿದ್ದರೆ ವನಜ ಉತ್ತರ ಕೊಡುತ್ತಿದ್ದಳು. ಆದರೆ ಮಾತು ನಿಜ. ಹೋದ ಮಳೆಗಾಲದಲ್ಲಿ ಬಾರ್ಕೂರಿನ ದಾರಿಯಲ್ಲಿ ಬಸ್ಸಿಗೆ ಜಾಗ ಕೊಡಲು ಹೋಗಿ ಅವಳ ಕಾರು ಗದ್ದೆಯಂಚಿಗೆ ಜಾರಿತ್ತು. ನಾಟಿ ಮಾಡುತ್ತಿದ್ದವರೆಲ್ಲ ಸೇರಿ ಎತ್ತಿ ಕೊಟ್ಟಿದ್ದರು. ಬೇಡವೆಂದು ಬುದ್ಧಿ ಹೇಳುವುದರೊಳಗೆ ಕೈ ತಿರುಗಿಬಿಟ್ಟಿರುತ್ತದೆ. ಸಂಸ್ಕಾರ ಮನಸ್ಸಿನಲ್ಲಿ ಮಾತ್ರ ನೆಲೆಸುವುದಿಲ್ಲ, ಅಂಗೈಯಲ್ಲಿಯೂ ಮನೆ ಮಾಡಿರುತ್ತದೆ. ಅಲ್ಲಿಂದ ಅದನ್ನು ಒಕ್ಕಲೆಬ್ಬಿಸುವುದು ಜಪತಪಗಳಿಂದ ಆಗುವ ಕೆಲಸವಲ್ಲ.

ಉಪಾಯ ಹೇಳಿದವಳು ಮಗಳು ಪ್ರೇಕ್ಷಾ. ಬಿಜೂರಿನ ಮೂಡುಬದಿಯ ಬೋಳು ಗುಡ್ಡೆಯ ಮೇಲೆ, ಮುಂಬಯಿಯಲ್ಲಿ ಹೋಟೆಲು ನಡೆಸಿ ಗಳಿಸಿದ ಒಬ್ಬರು, ಕೆಂಪುಕಲ್ಲು ತೆಗೆದು ಬಿಟ್ಟ ಜಾಗವನ್ನು ಸಮ ಮಾಡಿಸಿ ಕಾರು ಓಡಿಸುವ ಟ್ರ್ಯಾಕ್ ಕಟ್ಟಿಸಿದ್ದರು. ಪ್ರೇಕ್ಷಾ ಅಲ್ಲಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ತಿಂಗಳಿಗೊಂದು ಆದಿತ್ಯವಾರ, ಯಾರು ಬೇಕಾದರೂ ತಮ್ಮ ಸ್ವಂತ ಕಾರನ್ನು ತಂದು ಓಡಿಸಬಹುದಿತ್ತು. ಮತ್ತೆ ಮತ್ತೆ ಡಾಂಬರು ಬಿಟ್ಟು ಇಳಿಸುವವರನ್ನು ಮಾತ್ರ ಹೊರಗೆ ಹಾಕುತ್ತಿದ್ದರು.

“ಅಮ್ಮ, ಅಲ್ಲಿ ಎದ್ರಿಂದ್ ಬಪ್ಪುದ್ ಯಾವ್ದೂ ಇಲ್ಲೆ. ಎಲ್ಲಾ ಹಿಂದ್ನಿಂದ್ಲೇ ಬಪ್ಪುದ್. ನಿಂಗೆ ಬೇಕಾದ್ದ್ ಅದೇ ಅಲ್ದಾ?”

ರಾಜೀವ ನಕ್ಕ. “ಹೋಯ್ಲಿ. ಎಲ್ರಿಗೂ ಮಣ್ಣಿಗ್ ಇಳ್ಸಿ ದಾರಿ ಬಿಟ್ ಕೈ ಮುಗ್ದ್ ಬತ್ತ್ಲ್.”

“ಬಿಡ್ದಿದ್ರೆ?” ಎಂದಳು ವನಜ.

“ದಿನ ಪೂರ ಅವ್ರ್ ನಿನ್ನ ಹೊರ್ಗ್ ಹಾಕದೆ ಓಡ್ಸುಕೆ ಬಿಟ್ರೆ, ಗಾಡಿ ಕೀ ನಿಂದ್. ಹಾಕ್ರೆ, ಗಾಡಿ ಮಾರುದ್, ಮತ್ತ್ ಮಾತಾಡುಕಿಲ್ಲೆ.”

ಗಾಡಿ ಮಾರುವುದೆಂದರೆ ಗಂಗೊಳ್ಳಿಯ ಏಲಂ ಬಿಡುವುದು. ಏಲಂ ಬಿಟ್ಟರೆ ಬುಟ್ಟಿ ಹೊತ್ತು ಮನೆಮನೆಗೆ ಮಾರಿದ ಹಿಂದಿನ ಬಾಳಿಗೆ ಮರಳುವುದು. ವನಜ ಒಪ್ಪಿದಳು.

ಆದಿತ್ಯವಾರ ಬೆಳಿಗ್ಗೆ ಗಂಡಹೆಂಡಿರು ಗುಡ್ಡೆ ಹತ್ತಿದಾಗ ಆಗಲೇ ಹತ್ತಿಪ್ಪತ್ತು ಕಾರುಗಳು ಸಾಲುಗಟ್ಟಿದ್ದವು. ಬಹುತೇಕ ಉಡುಪಿ, ಮಂಗಳೂರು ಕಡೆಯ ತರುಣರವು, ತೊಳೆದು ಮಿರುಗಿಸಿದವು. ಅವುಗಳ ನಡುವೆ ವನಜಳ ಬೂದುಬಣ್ಣದ ಹಳೆಯ ಕಾರು ಮದುವೆಯ ಚಪ್ಪರಕ್ಕೆ ಕೆಲಸದ ಸೀರೆಯಲ್ಲೇ ಬಂದವಳಂತೆ ನಿಂತಿತು. ಕಾರಿನೊಳಗೆ ಸಡಿಲವಾದ ವಸ್ತುವೊಂದೂ ಇರಕೂಡದೆಂಬುದು ಅಲ್ಲಿನ ಮೊದಲ ನಿಯಮ. ತರಬೇತುದಾರ ಅನೂಪ್, ಬ್ರಹ್ಮಾವರದವನು, ಬಾಗಿಲು ತೆರೆದು ಒಂದೊಂದನ್ನೇ ಹೊರಗಿಡತೊಡಗಿದ: ಕೊಡೆ, ಎರಡು ಜೊತೆ ಚಪ್ಪಲಿ, ಐಸಿನ ಪೆಟ್ಟಿಗೆಯ ಮುಚ್ಚಳ, ಸೀಟಿನಡಿಯಿಂದ ಒಣಗಿದ ತೆಂಗಿನಕಾಯಿ.

“ಇದೆಂತ ಅಕ್ಕ, ಕಾಯಿ?”

“ಆಯುಧ ಪೂಜೆದ್. ಒಡುಕೆ ಮರ್ತದ್.”

“ಎಲ್ಲಾ ತೆಗ್ದೆ. ಮೀನಿನ್ ಪರ್ಮಳ ಮಾತ್ರ ತೆಗುಕೆ ಆತಿಲ್ಲೆ.”

“ಅದ್ ಇರ್ಲಿ. ಹಿಂದೆ ಬಪ್ಪವ್ರಿಗೆ ಮುಂದ್ ಯಾರ್ ಹೋತಿದ್ರ್ ಅಂದೇಳಿ ಗೊತ್ತಾಯ್ಕಲೆ.”

ಡ್ಯಾಶ್‌ಬೋರ್ಡಿನ ಗಣಪತಿಯನ್ನು ಅನೂಪ್ ಮೆಲ್ಲಗೆ ಅಲುಗಿಸಿ ನೋಡಿದ. ಆನೆಗುಡ್ಡೆಯಲ್ಲಿ ಪೂಜೆ ಮಾಡಿಸಿ ಅಂಟಿಸಿದ ವಿಗ್ರಹ, ಕದಲಲಿಲ್ಲ. ಅವನು ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಂಡು ಮುಂದುವರಿದ.

ಬಳಿಕ ಎಲ್ಲರನ್ನೂ ನೆರಳಿನಲ್ಲಿ ಕೂರಿಸಿ ನಿಯಮ ಹೇಳಿದರು. ಹಾರ್ನ್ ಒತ್ತುವಂತಿಲ್ಲ. ಮುಂದಿರುವವನು ತನ್ನ ದಾರಿಯನ್ನು ಬದಲಿಸತಕ್ಕದ್ದಲ್ಲ, ಹಿಂದಿನವನೇ ಕಾಯಬೇಕು. ನೇರ ದಾರಿ ಬಂದಾಗ ಮುಂದಿನವನು ಕಿಟಕಿಯಿಂದ ಕೈ ಚಾಚಿ ತೋರಿಸಿದರೆ ಮಾತ್ರ ಹಿಂದಿನವನು ದಾಟಿ ಹೋಗಬಹುದು. ಚಕ್ರ ಡಾಂಬರು ಬಿಟ್ಟರೆ ಕಪ್ಪು ಬಾವುಟ, ಆ ಸರದಿ ಅಲ್ಲಿಗೇ ಮುಗಿಯಿತು. ಎರಡನೆಯ ಸಲ ಬಿಟ್ಟರೆ ಅಂದಿಗೆ ಮನೆ.

ಮೊದಲ ಸರದಿಯ ಸುತ್ತುಗಳಲ್ಲಿ ಅನೂಪ್ ಪಕ್ಕದಲ್ಲಿ ಕುಳಿತ. ತಿರುವಿನೊಳಗೆ ಹೊಕ್ಕ ಮೇಲೆ ಬ್ರೇಕ್ ಒತ್ತುವುದು ವನಜಳ ರೂಢಿ. ತಿರುವಿಗೆ ಮುನ್ನವೇ ಒತ್ತಿ ಮುಗಿಸಿ, ಬಳಿಕ ಬಿಟ್ಟು ತಿರುಗಿಸಬೇಕೆಂದು ಅವನು ಹೇಳಿಕೊಟ್ಟ. ಹಾಗೆ ಮಾಡಿದಾಗ ಕಾರು ಹೊರಳದೆ, ಒಲೆಯ ಮೇಲಿನ ಕಾವಲಿಯಲ್ಲಿ ದೋಸೆ ತಿರುಗಿದಂತೆ ಸಲೀಸಾಗಿ ತಿರುಗಿತು. ವನಜಳಿಗೆ ಇಷ್ಟವಾಯಿತು. ಮೀನು, ಏಲಂ, ಹೋಟೆಲಿನವರ ಚೌಕಾಸಿ ಎಲ್ಲವೂ ಆ ಹೊತ್ತು ದೂರವಾದವು. ಕೈ, ಕಾಲು, ರಸ್ತೆ, ಇಷ್ಟೇ ಉಳಿದವು.

ಎರಡನೆಯ ಸರದಿಯಲ್ಲಿ ಅವಳೊಬ್ಬಳೇ. ಮೂರು ಸುತ್ತು ಚೆನ್ನಾಗಿ ಹೋಯಿತು. ನಾಲ್ಕನೆಯದರಲ್ಲಿ ಕನ್ನಡಿಯ ತುಂಬ ಕೆಂಪು ಕಾರೊಂದು ಕಾಣಿಸಿತು. ಹಾರ್ನ್ ಇಲ್ಲ, ಎಂಜಿನ್ನಿನ ಗರ್ಜನೆ ಮಾತ್ರ. ಅಷ್ಟು ಸಾಕಾಯಿತು. ಬಾವುಟ, ನಿಯಮ, ಅನೂಪನ ಮಾತು ಯಾವುದೂ ನೆನಪಾಗುವ ಮೊದಲೇ ಅವಳ ಎಡಗೈ ಸ್ಟೀರಿಂಗನ್ನು ಕೆಳಗೆಳೆಯಿತು. ಎಡಚಕ್ರಗಳೆರಡೂ ಕೆಂಪು ಜಲ್ಲಿಗೆ ಇಳಿದವು, ಕಾರು ಧೂಳೆಬ್ಬಿಸಿ ಕುಲುಕಾಡಿತು, ಕೆಂಪು ಕಾರು ದಾಟಿಹೋಯಿತು. ವನಜ ಮತ್ತೆ ಡಾಂಬರಿಗೆ ಹತ್ತಿದಾಗ ಮುಂದಿನ ತಿರುವಿನಲ್ಲಿ ಕಪ್ಪು ಬಾವುಟ ಅವಳಿಗಾಗಿ ಕಾಯುತ್ತಿತ್ತು.

ಹೊರಗೆ ತಂತಿಬೇಲಿಯ ಬಳಿ ರಾಜೀವ ಸೋಡಾ ಶರಬತ್ತು ಹಿಡಿದು ನಿಂತಿದ್ದ. ಅವಳಿಗೊಂದು ಲೋಟ ಕೊಟ್ಟ.

“ನಾ ಹೇಳ್ಲಿಲ್ಯಾ?”

“ಒಂದೇ ಸಲ ಆದ್ದ್. ಎರಡ್ ಸಲಕ್ಕೆ ಹೊರ್ಗ್ ಹಾಕುದ್. ನೀವ್ ಹೇಳದ್ದ್ ಹೊರ್ಗ್ ಹಾಕ್ರೆ ಅಂದೇಳಿ.”

“ಆಯ್ತ್, ಆಯ್ತ್. ಇನ್ನೊಂದ್ ಇತ್ತಲೆ, ಕಾಂಬ.”

ವನಜ ಶರಬತ್ತು ಕುಡಿದಳು. ನಾಚಿಕೆಗಿಂತ ಹೆಚ್ಚಾಗಿ ಅವಳಿಗೆ ಆಶ್ಚರ್ಯವಾಗಿತ್ತು. ಜಲ್ಲಿಗೆ ಇಳಿದ ಆ ಕ್ಷಣದಲ್ಲಿ ತನಗೇನು ಭಯವಿತ್ತೆಂದು ಹುಡುಕಿದಳು. ಕೆಂಪು ಕಾರು ತನ್ನನ್ನು ಗುದ್ದಿಬಿಡುತ್ತದೆ ಎಂಬುದೊಂದೇ. ದಾರಿ ಬಿಡದಿದ್ದರೆ ಗುದ್ದುತ್ತದೆ: ಸೈಕಲಿನ ಕಾಲದಿಂದ ಅವಳು ಇದನ್ನು ಯಾರಲ್ಲಿಯೂ ವಿಚಾರಿಸಿರಲಿಲ್ಲ. ವಿಚಾರಿಸತಕ್ಕ ಮನುಷ್ಯ ಒಂದೇ ಸೂರಿನಡಿ ಇದ್ದರೂ ಕೇಳಿರಲಿಲ್ಲ.

“ಹ್ವಾಯ್, ಒಂದ್ ಕೇಣ್ಕಿತ್ತ್. ನೀವ್ ಬಸ್ಸ್ ಬಿಡುವತಿಗೆ, ಹಾರ್ನ್ ಹಾಕ್ರೂ ಮುಂದಿದ್ದವ ಬದಿಗ್ ಹೋಗ್ದಿದ್ರೆ ಎಂತ ಮಾಡ್ತಿದ್ರಿ?”

ರಾಜೀವ ವಿಚಿತ್ರವಾಗಿ ನೋಡಿದ. “ಎಂತ ಮಾಡುದ್? ಬ್ರೇಕ್ ಹಾಕುದ್.”

“ಅಷ್ಟೆಯಾ?”

“ಮತ್ತೆಂತ, ಅವ್ನ್ ಮೈಮೇಲ್ ಹತ್ಸುಕಾ? ಬಯ್ಕಂತಾ ಹಿಂದಿಂದ್ ಹೋತಿದ್ದೆ.”

ವನಜ ಲೋಟ ಕೆಳಗಿಟ್ಟಳು. ನಗಬೇಕೋ, ಗದ್ದೆಯಂಚಿನಲ್ಲಿ ಕೆಸರಾದ ತನ್ನ ಕಾರಿಗಾಗಿ ಅಳಬೇಕೋ ತಿಳಿಯಲಿಲ್ಲ. ಹಿಂದೆ ಬರುವವನಿಗೂ ಬ್ರೇಕ್ ಇರುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ಇಡೀ ಕರಾವಳಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಹಾರ್ನಿಗೆ ಬೆಲೆ ಎಲ್ಲಿಂದ ಬರಬೇಕು?

ಕೊನೆಯ ಸರದಿಗೆ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಅವಕಾಶವಿತ್ತು. ಪ್ರೇಕ್ಷಾ ಒಂದು ಹೆಲ್ಮೆಟನ್ನು ತಂದು ಅಪ್ಪನ ಕೈಗೆ ಕೊಟ್ಟಳು. “ಅಪ್ಪಯ್ಯ, ಕೂಕಣಿ. ಇಲ್ಲಿ ಬೇಲಿ ಹಿಡ್ಕಂಡ್ ನಿಂತ್ರೆ ಎಂತ ಕಾಂತ್ತ್?”

ರಾಜೀವ ಬೇಡವೆನ್ನಲಿಲ್ಲ. ಬಸ್ಸಿನ ಎತ್ತರದ ಸೀಟಿನಲ್ಲಿ ಬದುಕು ಕಳೆದವನಿಗೆ ಆ ಸಣ್ಣ ಕಾರಿನಲ್ಲಿ ಕುಳಿತರೆ ನೆಲದ ಮೇಲೆಯೇ ಕುಳಿತಂತೆ ಅನ್ನಿಸಿತು. ಮೊಣಗಂಟು ಮಡಚಿ, ಬೆಲ್ಟು ಬಿಗಿದು, “ಸಾವ್ಕಾಶ ಹೋಗ್” ಎಂದ. ವನಜ ಗಣಪತಿಯ ಪಾದ ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡು ಹೊರಟಳು.

ಎರಡನೆಯ ಸುತ್ತಿನಲ್ಲಿ ಕೆಂಪು ಕಾರು ಮತ್ತೆ ಬಂದಿತು. ವನಜ ಕನ್ನಡಿಯಲ್ಲಿ ಕಂಡಳು. ರಾಜೀವನಿಗೆ ಕನ್ನಡಿ ಇರಲಿಲ್ಲ. ಕಿವಿಯ ಹಿಂದೆಯೇ ಗರ್ಜನೆ ಎದ್ದಾಗ ಅವನು ಕತ್ತು ಹೊರಳಿಸಿ ನೋಡಿದ. ಹಿಂದಿನ ಗಾಜಿನ ತುಂಬ ಕೆಂಪು. ಅಷ್ಟು ಹತ್ತಿರದಲ್ಲಿ, ಅಷ್ಟು ವೇಗದಲ್ಲಿ, ತನ್ನ ಬೆನ್ನ ಹಿಂದೆ ಒಂದು ವಾಹನವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಹಿಂದೆ ಇರುತ್ತಿದ್ದವನು ಯಾವಾಗಲೂ ತಾನೇ.

“ಇಳ್ಸ್!” ಎಂದು ಕೂಗಿದ. “ಮಣ್ಣಿಗ್ ಇಳ್ಸ್ ಮಾರಾಯ್ತಿ! ಬಂತ್, ಬಂತ್!”

ವನಜಳ ಎಡಗೈ ಕೆಳಗೆಳೆಯಲು ಹೊರಟಿತು. ಸ್ಟೀರಿಂಗ್ ಒಂದು ಕೂದಲೆಳೆಯಷ್ಟು ತಿರುಗಿದ್ದೂ ಹೌದು. ಎಡಚಕ್ರದಡಿ ಬಿಳಿಯ ಗೆರೆ ಬಂದದ್ದು ಅವಳಿಗೆ ತಿಳಿಯಿತು. ಅವಳು ಕೈಯನ್ನು ಬಲವಂತದಿಂದ ತಡೆದು ನಿಲ್ಲಿಸಿದಳು. ಹಠ ಮಾಡುವ ಮಗುವನ್ನು ರಟ್ಟೆ ಹಿಡಿದು ನಿಲ್ಲಿಸಿದಂತೆ. ಮುಂದೆ ತಿರುವು. ತಿರುವಿಗೆ ಮುನ್ನ ಬ್ರೇಕ್ ಒತ್ತಿದಳು, ಬಿಟ್ಟಳು, ತಿರುಗಿಸಿದಳು. ಕನ್ನಡಿಯಲ್ಲಿ ಕೆಂಪು ಕಾರಿನ ಮೂತಿ ತಗ್ಗಿತು. ಅವನೂ ಬ್ರೇಕ್ ಹಾಕಿದ್ದ.

“ಕಂಡ್ರ್ಯಾ,” ಎಂದಳು, “ಹಾಕ್ದ.”

“ಮಾತಾಡ್ಬೇಡ, ಮುಂದ್ ಕಾಣ್!”

ಇನ್ನೆರಡು ತಿರುವುಗಳ ತನಕ ಕೆಂಪು ಕಾರು ಹಿಂದೆಯೇ ಬಂದಿತು. ರಾಜೀವ ಎರಡು ಕೈಗಳಲ್ಲಿ ಸೀಟಿನಂಚನ್ನು ಹಿಡಿದು, ಇಲ್ಲದ ಬ್ರೇಕನ್ನು ನೋಯುವ ಕಾಲಿನಿಂದ ಒತ್ತುತ್ತಿದ್ದ. ನೇರ ದಾರಿ ಬಂದೊಡನೆ ವನಜ ಬಲಗೈಯನ್ನು ಕಿಟಕಿಯಿಂದ ಹೊರಚಾಚಿ, ಏಲಂ ಕಟ್ಟೆಯಲ್ಲಿ ಬೆಲೆ ಒಪ್ಪಿಗೆಯೆಂದು ತೋರಿಸುವಂತೆ ನಿಧಾನವಾಗಿ ಬೀಸಿದಳು. ಕೆಂಪು ಕಾರು ದಾಟಿಹೋಯಿತು. ಅದರಲ್ಲಿದ್ದ ತರುಣ ಹೋಗುತ್ತ ಕೈಯೆತ್ತಿ ವಂದಿಸಿದ.

ಬಳಿಕ ಇನ್ನೂ ಇಬ್ಬರು ಹಿಂದಿನಿಂದ ಬಂದರು. ಇಬ್ಬರೂ ಕಾದರು. ಕೊನೆಯ ಬಾವುಟ ಬೀಸುವ ತನಕ ವನಜಳ ಚಕ್ರ ಡಾಂಬರು ಬಿಡಲಿಲ್ಲ.

ಕಾರು ನಿಲ್ಲಿಸಿದ ಮೇಲೆ ರಾಜೀವನಿಗೆ ಹೆಲ್ಮೆಟ್ ತೆಗೆಯಲು ಹೊತ್ತು ಹಿಡಿಯಿತು. ಮುಖ ಬೆವರಿತ್ತು. ಅನೂಪ್ ಬಂದು ಕಿಟಕಿಗೆ ಬಗ್ಗಿದ.

“ಅಕ್ಕ, ಪಸ್ಟ್ ಕ್ಲಾಸ್. ಅಣ್ಣ, ನಿಮ್ಗ್ ಎಂತ ಆಯ್ತ್? ಕೂಗದ್ದ್ ಬೇಲಿ ತನ್ಕ ಕೇಂತಿತ್ತ್.”

“ಕೂಗದ್ದ್ ನಾನಲ್ಲ ಮಾರಾಯಾ, ಮೊಣಗಂಟ್,” ಎಂದ ರಾಜೀವ.

ಹೊರಗಿಟ್ಟ ಸಾಮಾನುಗಳನ್ನೆಲ್ಲ ಪ್ರೇಕ್ಷಾ ಮತ್ತೆ ಕಾರಿಗೆ ತುಂಬಿಸಿದಳು. ಗಂಡಹೆಂಡಿರು ಗುಡ್ಡೆಯಿಂದ ಇಳಿದು ಹೆದ್ದಾರಿ ಸೇರಿದರು. ವನಜಳೇ ಓಡಿಸುತ್ತಿದ್ದಳು. ಪಿಕ್‌ಅಪ್ಪಿನ ಕೀ ಎಂದು ಅವಳು ಬಾಯಿ ತೆರೆಯಲಿಲ್ಲ. ಆಡಿದ ಮಾತನ್ನು ನೆನಪಿಸಿ ವಸೂಲು ಮಾಡಿದರೆ ಅದು ಮಾತಿನ ಗೌರವಕ್ಕೆ ಕುಂದೆಂದು ಅವಳ ಎಣಿಕೆ. ಮರವಂತೆ ದಾಟುವಾಗ ಎಡಕ್ಕೆ ನದಿ, ಬಲಕ್ಕೆ ಕಡಲು, ಎರಡರ ಮೇಲೂ ಇಳಿಬಿಸಿಲು.

ರಾಜೀವ ಮೊಣಗಂಟು ತಿಕ್ಕಿಕೊಳ್ಳುತ್ತ ನದಿಯ ಕಡೆಗೇ ನೋಡಿ ಹೇಳಿದ: “ಪಿಕ್‌ಅಪ್ಪಿನ್ ಬ್ರೇಕ್ ಒಂಚೂರ್ ಬಲ್ದಿಗ್ ಎಳಿತ್ತ್. ಪದ್ದುಗೆ ಬಿಟ್ರೆ ಯಾರಿಗೂ ಹೇಳ್ಲಿಲ್ಲೆ.”

ವನಜ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

“ಐಸ್ ತುಂಬ್ಸಿದ್ರೆ ಹೆಚ್ಚ್ ಎಳಿತ್ತಾ, ಖಾಲಿ ಇದ್ರೆ ಹೆಚ್ಚಾ?”

“ತುಂಬ್ಸಿದ್ರೆ,” ಎಂದ ರಾಜೀವ. “ಮುಂಚೆಯೇ ಒತ್ಕ್, ಮೆಲ್ಲ. ಕ್ಲಚ್ಚಿನ್ ಸುದ್ದಿ ಮನಿಗ್ ಹೋಯಿ ಹೇಳ್ತೆ.”