ತೂತು ಬಿದ್ದ ಗೂಡು

“ನಮ್ ಐದು ರೇಷ್ಮೆಗೂಡು ಎಲ್ಲಿ ಮೇಷ್ಟ್ರೇ?” ಶಾಲೆಯ ಹೊಸ್ತಿಲಲ್ಲೇ ನಿಂತು ಪಿಳ್ಳಮ್ಮ ಕೇಳಿದಳು. “ಗೂಡೂ ಕೊಡಿ, ಮಗೀನೂ ಕೊಡಿ. ನಾಳಿಂದ ಇವ್ಳು ಸೊಪ್ಪು ಕೊಯ್ಯಾಕೆ ಬತ್ತಾಳೆ. ಓದಿದ್ದು ಸಾಕು.”

ಮಗಳು ಮುನಿರತ್ನ ಪಕ್ಕದ ಹುಡುಗನ ಬೆನ್ನಿಗೆ ಮರೆಯಾದಳು. ಉದ್ದನಪಲ್ಲಿಯ ಆ ಶಾಲೆಗೆ ಬರುತ್ತಿದ್ದ ಹೆಣ್ಣುಮಗು ಅವಳೊಬ್ಬಳೇ.

“ಇವಳು ಕದ್ದಿಲ್ಲ ಪಿಳ್ಳಮ್ಮ, ನಾನೇ ತರಿಸಿದ್ದು,” ಎಂದರು ಕೊಂಡಪ್ಪ ಮೇಷ್ಟ್ರು. “ಜರ್ಮನಿಯಲ್ಲಿ ಮರಿಯಾ ಅಂತ ಒಬ್ಬಳಿದ್ದಳು. ಹದಿಮೂರು ವರ್ಷಕ್ಕೇ ರೇಷ್ಮೆಹುಳ ಸಾಕಿ, ಅದು ಏನೇನಾಗುತ್ತೆ ಅಂತ ನೋಡಿ ನೋಡಿ ಚಿತ್ರ ಬರೆದಿಟ್ಟಳು. ಮಕ್ಕಳಿಗೆ ಅದನ್ನೇ ತೋರಿಸೋಣ ಅಂತ.”

“ಜರ್ಮನಿಯೋಳಾ? ಅವ್ರ ಮ್ಯಾಲೆ ಯುದ್ಧಕ್ಕೆ, ಸಿಪಾಯಿಗಳು ಇಮಾನದಿಂದ ಇಳಿಯೋ ಕೊಡೆಗೇ ಅಲ್ವಾ ನಮ್ ಗೂಡೆಲ್ಲ ಹೋಗ್ತಿರಾದು!”

“ಇದು ಮುನ್ನೂರು ವರ್ಷದ ಹಿಂದಿನ ಮಾತು.”

ಅಷ್ಟು ಹಿಂದಿನವಳ ಮೇಲೆ ಜಗಳ ಹೂಡುವುದು ಹೇಗೆಂದು ಪಿಳ್ಳಮ್ಮನಿಗೆ ತೋಚಲಿಲ್ಲ. “ನೂಲು ಎಷ್ಟು ತೆಗುದ್ಲು?”

“ನೂಲಿಗಲ್ಲ, ನೋಡೋದಕ್ಕೆ ಸಾಕಿದ್ದು.”

“ನೋಡಾಕಾ? ಗಂಡ ಸುಮ್ಕಿದ್ನಾ?”

ಮರಿಯಾ ಆಮೇಲೆ ಗಂಡನನ್ನೇ ಬಿಟ್ಟಳೆಂದು ಮೇಷ್ಟ್ರು ಓದಿದ್ದರು. ಆ ಪಾಠ ಇವತ್ತಿಗೆ ಬೇಡವೆಂದು ಕೆಮ್ಮಿದರು.

“ಬಂತು! ಬಂತು ಕಣ್ರಲಾ!” ಮಕ್ಕಳು ಕಿಟಕಿಯ ಬಳಿ ಗೂಡುಗಳನ್ನಿಟ್ಟಿದ್ದ ಮೊರಕ್ಕೆ ಮುಗಿಬಿದ್ದರು. ಒಂದು ಗೂಡಿನ ತುದಿ ಒದ್ದೆಯಾಗಿ ತೂತು ಬಿದ್ದಿತ್ತು. ಅದರೊಳಗಿಂದ ಬಿಳಿಯ ಚಿಟ್ಟೆಯೊಂದು ಏದುಸಿರು ಬಿಡುವವರಂತೆ ನುಸುಳಿ ಬಂತು.

ಇಪ್ಪತ್ತು ವರ್ಷ ಹುಳ ಸಾಕಿದ ಪಿಳ್ಳಮ್ಮ ಅದರ ಚಿಟ್ಟೆಯನ್ನು ಕಂಡವಳಲ್ಲ. ಮೊಟ್ಟೆ ಹೊರಗಿನಿಂದ ಬರುತ್ತಿತ್ತು; ಗೂಡು ಬಲಿತ ವಾರದೊಳಗೇ ಗಾಡಿ ಏರಿಬಿಡುತ್ತಿತ್ತು. ಮೂಲೆಯಲ್ಲಿ ಮರೆತುಹೋದ ಗೂಡಿಗೆ ತೂತು ಬಿದ್ದರೆ ಅದು ಇಲಿಯ ಕೆಲಸ; ಆ ಇಲಿಗೆಂದೇ ಎರಡು ಬೆಕ್ಕು ಸಾಕಿದ್ದಳು.

“ಇದು ನಮ್ ಹುಳಾನಾ?”

“ನಮ್ದೇ ಕಣಮ್ಮ,” ಎಂದಳು ಮುನಿರತ್ನ.

ಪಿಳ್ಳಮ್ಮ ಸೆರಗಿನ ಗಂಟು ಬಿಚ್ಚಿ, ಎಳೆಯ ಹಿಪ್ಪುನೇರಳೆ ಸೊಪ್ಪೊಂದನ್ನು ಆರಿಸಿ ಚಿಟ್ಟೆಯ ಮುಂದಿಟ್ಟಳು. ಅದು ಸೊಪ್ಪನ್ನು ತುಳಿದುಕೊಂಡು ನಡೆಯಿತು. ಇನ್ನೂ ಎಳೆಯದನ್ನಿಟ್ಟಳು. ಅದನ್ನೂ ತುಳಿಯಿತು.

“ಆ ಜರ್ಮನಿಯಮ್ಮ ಇದ್ಕೇನ್ ಹಾಕಿದ್ಲು ಮೇಷ್ಟ್ರೇ?”

ಮುನಿರತ್ನ ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ತಿನ್ನಾಕೆ ಬಾಯೇ ಇಲ್ವಲ್ಲಮ್ಮ ಇದ್ಕೆ!”

“ಬಾಯಿಲ್ದೆ ಹೆಂಗೆ ಬದುಕ್ತದೆ?”

“ಜರುಗ್ಲಾ ಅತ್ತ,” ಎಂದು ಒಬ್ಬ ಹುಡುಗನನ್ನು ಸರಿಸಿ ಪಿಳ್ಳಮ್ಮ ನೆಲಕ್ಕೇ ಕುಳಿತಳು. ಚಿಟ್ಟೆ ಅವಳ ಹೆಬ್ಬೆರಳನ್ನೇರಿ, ಎಲ್ಲಿಗೂ ಹಾರದೆ, ರೆಕ್ಕೆ ಅದುರಿಸತೊಡಗಿತು.

“ಕೈ ಅಲ್ಲಾಡಿಸ್ಬೇಡಮ್ಮ,” ಎನ್ನುತ್ತ ಮುನಿರತ್ನ ಸ್ಲೇಟನ್ನು ತೊಡೆಗೇರಿಸಿ ಬಳಪಕ್ಕಾಗಿ ತಡಕಿದಳು.

ಪಿಳ್ಳಮ್ಮ ಉಸಿರು ಬಿಗಿಹಿಡಿದು, ಕೈಯನ್ನು ಹಾಗೇ ನೀಡಿಕೊಂಡು ಕೂತಳು.