ಅಕ್ಕಿಹಿಟ್ಟಿನ ತೆನೆ

ಗಣಿ ನಿಂತ ಮೇಲೆ ಕುದುರೆಮುಖದ ಕ್ವಾರ್ಟರ್ಸುಗಳಿಗೆ ಒಂದೊಂದಾಗಿ ಬೀಗ ಬಿತ್ತು. ಯಶೋದಾಳ ಪಕ್ಕದ ಮನೆಯ ಸಾಬಿತ್ರಿ ಗಂಡ ಮಕ್ಕಳೊಂದಿಗೆ ಒರಿಸ್ಸಾಕ್ಕೆ ಹೊರಟುಹೋದಳು. ಯಶೋದಾ ಮತ್ತು ಅವಳ ಗಂಡ ದೇವೇಂದ್ರ ಕೊಟ್ಟಿಗೆಹಾರಕ್ಕೆ ಬಂದು ರಸ್ತೆ ಬದಿಯಲ್ಲಿ ಸಣ್ಣ ಹೋಟೆಲಿಟ್ಟರು. ವಸ್ತಾರೆಯಿಂದ ಅತ್ತೆ ಕಲ್ಲಮ್ಮನೂ ಬಂದು ಜೊತೆಗಿದ್ದರು.

ಸಾಬಿತ್ರಿಯನ್ನು ಯಶೋದಾ ಕರೆಯುತ್ತಿದ್ದದ್ದು ಸಾವಿತ್ರಕ್ಕ ಎಂದು. ಯಶೋದಾ ಮದುವೆಯಾಗಿ ಕ್ವಾರ್ಟರ್ಸಿಗೆ ಹೋದ ಹೊಸತರಲ್ಲಿ ಇವಳಿಗೆ ಅವಳ ಮಾತು ತಿಳಿಯದು, ಅವಳಿಗೆ ಇವಳದು. ಮಾರ್ಗಶಿರದ ಒಂದು ಗುರುವಾರ ಸಾಬಿತ್ರಿ ತನ್ನೂರಿನ ಪದ್ಧತಿಯಂತೆ ನೆನೆಸಿದ ಅಕ್ಕಿ ರುಬ್ಬಿ, ಬೆರಳದ್ದಿ, ಹೊಸ್ತಿಲಿಗೂ ಗೋಡೆಗೂ ಲಕ್ಷ್ಮಿಯ ಪಾದ, ಭತ್ತದ ತೆನೆ ಬರೆಯುತ್ತಿದ್ದಳು. ಯಶೋದಾ ಪಕ್ಕ ಹೋಗಿ ಕೂತಳು. ಸಾಬಿತ್ರಿ ಅವಳ ಬೆರಳು ಹಿಡಿದು ಹಿಟ್ಟಿನ ಬಟ್ಟಲಿಗೆ ಅದ್ದಿದಳು. ಅಲ್ಲಿಂದ ಪ್ರತಿ ವರ್ಷವೂ ಎರಡು ಮನೆಯ ಹೊಸ್ತಿಲು ಒಟ್ಟಿಗೇ ಬೆಳ್ಳಗಾಗುತ್ತಿದ್ದವು. ದೀಪಾವಳಿಗೆ ಸಾಬಿತ್ರಿ ಯಶೋದಾಳಿಂದ ಕಲಿತ ಚುಕ್ಕಿ ರಂಗೋಲಿ ಇಡುತ್ತಿದ್ದಳು, ತಪ್ಪು ತಪ್ಪಾಗಿ, ನಗುತ್ತಾ.

ಕೊಟ್ಟಿಗೆಹಾರದಲ್ಲಿ ಮೊದಲ ಮಾರ್ಗಶಿರ ಬಂತು. ಯಶೋದಾ ಅಕ್ಕಿ ರುಬ್ಬಿಕೊಂಡು ಕೂತಳು. ಪಾದ ಬಂತು, ತೆನೆ ಬರಲಿಲ್ಲ. ಸಾಬಿತ್ರಿ ಬೆರಳನ್ನು ಎಲ್ಲಿ ಒತ್ತುತ್ತಿದ್ದಳು, ಎಲ್ಲಿ ಎಳೆಯುತ್ತಿದ್ದಳು? ಜೊತೆಗೆ ಕೂತಷ್ಟು ಕಾಲ ಕೈಗೆ ತಾನಾಗಿ ಬರುತ್ತಿದ್ದದ್ದು ಈಗ ನೆನಪಿಗೂ ಸಿಗಲಿಲ್ಲ.

"ಇದ್ಯಾವ ಊರಿನ ಪದ್ಧತಿ? ನಮ್ಮಲ್ಲಿಲ್ಲ," ಎಂದು ಕಲ್ಲಮ್ಮ ಒಳಗೆ ಹೋದರು.

ಸಾಬಿತ್ರಿ ಕೊಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೋ ಗಂಡಸು ಅರ್ಥವಾಗದ ಮಾತಿನಲ್ಲಿ ರೇಗಿ ಇಟ್ಟುಬಿಟ್ಟ.

"ಒಂದ್ಸಲ ಕ್ವಾರ್ಟರ್ಸಿಗೆ ಹೋಗ್ಬರೋಣ. ಸಾವಿತ್ರಕ್ಕ ಗೋಡೆ ಮೇಲೆ ಬರ್ದಿದ್ದು ಇನ್ನೂ ಇರ್ಬಹುದು," ಎಂದಳು ಗಂಡನಿಗೆ.

"ಒಂದು ರಂಗೋಲಿಗೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ತಿ?" ಎಂದರೂ ದೇವೇಂದ್ರ ಕರೆದುಕೊಂಡು ಹೋದ.

ಗೋಡೆಗೆ ಒಂದು ಮಳೆಗಾಲದ ಪಾಚಿ ಹಿಡಿದಿತ್ತು. ಯಶೋದಾ ಸೆರಗಿನಿಂದ ಉಜ್ಜಿದಳು. ಪಾಚಿಯ ಜೊತೆ ಸುಣ್ಣವೂ ಉದುರಿತು. ಬೀಗ ಹಾಕಿದ ಬಾಗಿಲನ್ನು ಒಮ್ಮೆ ತಟ್ಟಿದಳು, ಸುಮ್ಮನೆ. ದೇವೇಂದ್ರ ಮುಖ ತಿರುಗಿಸಿ ನಿಂತ.

ಮುಂದಿನ ಗುರುವಾರ ಹೋಟೆಲಿನ ಹೊಸ್ತಿಲಿಗೆ ತೋಚಿದಂತೆ ಬರೆದಳು. ಕಲ್ಲಮ್ಮ ಬಂದು ಬಗ್ಗಿ ನೋಡಿದರು.

"ಎಂತದಿದು, ಹುಲ್ಲಾ?"

"ಭತ್ತದ ತೆನೆ ಅತ್ತೆ."

"ಕಾಳು ತುಂಬಿದ ತೆನೆ ಹಿಂಗೆ ಸೆಟೆದು ನಿಲ್ತದಾ? ತಾ ಇಲ್ಲಿ." ಗೊಣಗುತ್ತಲೇ ಕೂತು, ಬೆರಳದ್ದಿ, ತೆನೆಯ ಕುತ್ತಿಗೆ ಬಗ್ಗಿಸಿದರು. ವಸ್ತಾರೆಯ ಗದ್ದೆಯಲ್ಲಿ ಕಂಡಂತೆಯೇ ಅದು ಭಾರವಾಗಿ ತಲೆ ತಗ್ಗಿಸಿತು.

ತೆನೆ ಚೆಂದವಿತ್ತು. ಆದರೆ ಸಾಬಿತ್ರಿಯದಲ್ಲ.

"ಸಾವಿತ್ರಕ್ಕ ಹೇಗೆ ಬರೀತಿದ್ರು ಅನ್ನೋದೇ ಮರ್ತುಹೋಯ್ತು ಅತ್ತೆ."

"ನೀ ಕಲ್ಸಿದ್ದೆ ಅಂತಿದ್ಯಲ್ಲ, ಅವಳೂ ಅಲ್ಲಿ ಆ ಚುಕ್ಕಿ ಲೆಕ್ಕ ತಪ್ಪಿ ಏನೋ ಒಂದು ಇಡ್ತಿರ್ತಾಳೆ ಬಿಡು," ಎಂದರು ಕಲ್ಲಮ್ಮ, ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತಾ.

ಯಶೋದಾಗೆ ಅದು ಹೊಳೆದೇ ಇರಲಿಲ್ಲ. ಕಾಣದ ಊರಿನ ಒಂದು ಅಂಗಳ, ಅಲ್ಲೊಂದು ಸೊಟ್ಟ ರಂಗೋಲಿ. ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಅಷ್ಟರಲ್ಲಿ ಹೋಟೆಲಿನ ಮುಂದೆ ಬಸ್ಸು ನಿಂತು ಜನ ಇಳಿಯತೊಡಗಿದರು.

"ದಾಟ್ಕೊಂಡು ಬನ್ನಿ, ಇನ್ನೂ ಹಸಿ ಇದೆ," ಎನ್ನುತ್ತಾ ಯಶೋದಾ ಎದ್ದಳು.