ಬಿಳಿಯ ಮೇಲಿನ ಬಿಳಿ ಅಕ್ಷರ

ನಾನೊಂದು ಜಾಲಪುಟ. ಕುಮಟಾ ಪೇಟೆಯಲ್ಲಿ ಮದುವೆ ಕಾರ್ಡು ಮಾಡಿಕೊಡುವ ಪ್ರಮೀಳಾ ಗುನಗಾ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ನನ್ನನ್ನು ಹುಟ್ಟಿಸಿದಳು. ಅವಳಿಗೆ ಜಿಯೋಕ್ಯಾಶಿಂಗ್ ಆಟದ ಹುಚ್ಚು. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿಟ್ಟು, ಅದರ ಜಾಗವನ್ನು ನನ್ನಂಥ ಪುಟದಲ್ಲಿ ಬರೆಯುತ್ತಾರೆ. ಉಳಿದವರು ಫೋನು ಹಿಡಿದು ಹುಡುಕುತ್ತ ಬರುತ್ತಾರೆ. ಸಿಕ್ಕಿದರೆ ನನ್ನ ಕೆಳಗೆ ಎರಡು ಮಾತು ಬರೆದು ಹೋಗುತ್ತಾರೆ. ಪ್ರಮೀಳಾಳ ಡಬ್ಬಿ ಇದ್ದದ್ದು ಕಡಲೊಳಗಿನ ಬಂಡೆಯ ಮೇಲೆ. ನೀರಿಳಿದಾಗ ಮರಳಿನಲ್ಲಿ ನಡೆದೇ ಹೋಗಬಹುದು. ನೀರೇರಿದರೆ ವಾಪಸು ಬರಲು ದಾರಿಯಿಲ್ಲ. ಈ ಎಚ್ಚರಿಕೆಯನ್ನು ಅವಳು ಎಲ್ಲಕ್ಕಿಂತ ಮೇಲೆ, ಕಪ್ಪಕ್ಷರದಲ್ಲಿ ಬರೆದಿದ್ದಳು.

ಆಗ ನಾನು ಬೋಳುಬೋಳಾಗಿದ್ದೆ. ಬರುವವರೇ ಅಪರೂಪ.

"ಊರವರ ಕಾರ್ಡಿಗೆಲ್ಲ ನವಿಲು ಕುಣಿಸ್ತೆ, ನನ್ನ ಪುಟ ನೋಡಿದ್ರೆ ಕರೆಂಟ್ ಬಿಲ್ಲಿನ ಹಾಂಗಿದೆ" ಎಂದು ಅವಳೇ ಗೊಣಗಿದಳು.

ಜಾಲಪುಟ ಸಿಂಗರಿಸುವ ಎಚ್‌ಟಿಎಂಎಲ್ ಭಾಷೆ ಕಲಿಯಲು ಕುಳಿತಳು. ಒಮ್ಮೆ ದಪ್ಪಕ್ಷರ ಇಲ್ಲಿಗೆ ಮುಗಿಯಿತೆಂಬ ಗುರುತು ಹಾಕಲು ಮರೆತದ್ದಕ್ಕೆ ನನ್ನ ಮೈಯಕ್ಷರವೆಲ್ಲ ದಪ್ಪಗಾಯಿತು. ಅಂಗಡಿಯಲ್ಲಿ ಒಬ್ಬಳೇ ಕುಳಿತು ನಕ್ಕಳು. ಮೆಲ್ಲಗೆ ಕೈ ಕುದುರಿತು. ಅಂಚಿಗೆ ಬಳ್ಳಿ ಬಂತು, ಶೀರ್ಷಿಕೆಗೆ ಹೊಂಬಣ್ಣ ಬಂತು. ಕೊನೆಗೆ ಎಚ್ಚರಿಕೆಯ ಹಿಂದೆ ಸಂಜೆಗಡಲಿನ ಕಡುನೀಲಿ ಚಿತ್ರ ಹಾಸಿ, ಕಪ್ಪಕ್ಷರ ಕಾಣದೆಂದು ಅದನ್ನು ಬಿಳಿ ಮಾಡಿದಳು. ಅವಳ ಕಂಪ್ಯೂಟರಿನಲ್ಲಿ ನಾನು ಮದುಮಗಳಂತೆ ಹೊಳೆದೆ. ಜನ ಬರತೊಡಗಿದರು. "ಎಷ್ಟು ಚೆಂದದ ಪುಟ!" ಎಂದು ನನ್ನ ಕೆಳಗೆ ಬರೆದರು. ಅವಳು ಆ ಮಾತುಗಳನ್ನು ದಿನಾ ಓದಿ ಹಿಗ್ಗುತ್ತಿದ್ದಳು.

ಒಂದು ಭಾನುವಾರ ಧಾರವಾಡದ ಶಿವಯೋಗಿಯವರು ಹೈಸ್ಕೂಲು ಓದುವ ಮಗಳು ಮುಕ್ತಾಳೊಂದಿಗೆ ಬಂದರು. ಫೋನಿನಲ್ಲಿ ನನ್ನನ್ನು ಓದಿ ದಾರಿ ನೋಡುವ ಕೆಲಸ ಮಗಳದು. ಅಪ್ಪ ಮಗಳು ಬಂಡೆಯ ಮೇಲಿದ್ದಾಗಲೇ ಸುತ್ತ ನೀರೇರಿತು. ಗಾಬರಿಯಲ್ಲಿ ಇಳಿಯಹೋದ ತಂದೆ ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡರು. ಮಗಳ ಕೂಗು ಕೇಳಿದ ಮೀನುಗಾರರು ದೋಣಿ ತಂದು ಇಬ್ಬರನ್ನೂ ದಡ ಸೇರಿಸಿದರು.

ಸುದ್ದಿ ತಿಳಿದೊಡನೆ ಪ್ರಮೀಳಾ ಕಂಪ್ಯೂಟರಿನಲ್ಲಿ ನನ್ನನ್ನು ತೆರೆದಳು. ಎಚ್ಚರಿಕೆ ಇತ್ತು. "ಬರ್ದಿದ್ದೆ ನಾನು" ಎಂದು ಉಸಿರುಬಿಟ್ಟಳು. ಆಮೇಲೆ, ಯಾಕೋ, ಫೋನಿನಲ್ಲಿ ತೆರೆದಳು. ಅಲ್ಲಿ ನೀಲಿ ಚಿತ್ರ ಮೂಡಿರಲಿಲ್ಲ. ಚಿತ್ರವಿಲ್ಲದ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ. ಬರೀ ಖಾಲಿ. ಬೆರಳೊತ್ತಿ ಎಳೆದು ಆ ಸಾಲನ್ನು ಆರಿಸಿದಾಗ ಮಾತ್ರ ಒಳಗಿನಿಂದ "ವಾಪಸು ಬರಲು ದಾರಿಯಿಲ್ಲ" ಎಂದು ಎದ್ದು ಕಂಡಿತು. ಇನ್ನೊಬ್ಬರು ಹೋಗಿ ಸಿಕ್ಕಿಬಿದ್ದಾರೆಂದು ತಕ್ಷಣ ಅದನ್ನು ಕೆಂಪಕ್ಷರ ಮಾಡಿದಳು.

ಮರುದಿನ ಹಣ್ಣು ಹಿಡಿದು ಆಸ್ಪತ್ರೆಗೆ ಹೋದಳು. ಅಲ್ಲಿ ಶಿವಯೋಗಿಯವರ ಕೈಯೊಳಗಿನ ಫೋನಿನಲ್ಲಿ ನಾನೇ ಇದ್ದೆ.

"ಇಲ್ನೋಡು, ಕೆಂಪಗ ಬರದಾರ! ಕಣ್ಣು ಎಲ್ಲಿದ್ವು ನಿನಗ?" ಎಂದು ಅವರು ಮಗಳನ್ನು ಗದರುತ್ತಿದ್ದರು.

"ನಾ ನೋಡಿದಾಗ ಇರಲಿಲ್ಲಪ್ಪಾ."

"ಮತ್ತ ಸುಳ್ಳು ಹೇಳ್ತೀಯಲ್ಲ!"

ಮುಕ್ತಾ ತಲೆ ತಗ್ಗಿಸಿದಳು. ಪ್ರಮೀಳಾ ಹಣ್ಣಿಟ್ಟು, "ಬೇಗ ಹುಷಾರಾಗಿ" ಎಂದಷ್ಟೇ ಹೇಳಿ ಹೊರಟುಬಂದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಒಂದು ಕಾರ್ಡಿನಲ್ಲಿ ವರನ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದಳು. ಆ ಹುಡುಗಿಯ ತಗ್ಗಿದ ತಲೆ ಕಣ್ಣ ಮುಂದಿನಿಂದ ಸರಿಯಲಿಲ್ಲ. ಮಧ್ಯಾಹ್ನದ ಊಟಕ್ಕೂ ಹೋಗದೆ ಬಾಗಿಲೆಳೆದು ಮತ್ತೆ ಆಸ್ಪತ್ರೆಗೆ ನಡೆದಳು.

"ಮುಕ್ತಾ, ನಿನ್ನ ಫೋನಲ್ಲಿ ಪುಟ ತೆಗಿ" ಎಂದಳು. ತನ್ನ ಫೋನಿನಿಂದ ಎಚ್ಚರಿಕೆಯನ್ನು ಮತ್ತೆ ಬಿಳಿ ಮಾಡಿದಳು. ಹುಡುಗಿಯ ಕೈಯಲ್ಲಿ ನನ್ನ ನೆತ್ತಿ ಖಾಲಿಯಾಯಿತು.

"ಆ ದಿನ ಹೀಗೇ ಇತ್ತು. ಚೆಂದ ಕಾಣ್ಲಿ ಅಂತ ನಾನೇ ಮಾಡಿದ್ದು. ಬೆಳಿಗ್ಗೆ ಬಂದಾಗ್ಲೂ ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

ಮುಕ್ತಾ ಅವಳನ್ನೇ ನೋಡಿ, "ಇನ್ನೊಮ್ಮೆ ಹೇಳ್ರಿ, ಅಪ್ಪಗ ಸರಿಯಾಗಿ ಕೇಳಲಿ" ಎಂದಳು.

ಪ್ರಮೀಳಾ ಇನ್ನೊಮ್ಮೆ ಹೇಳಿದಳು. ಶಿವಯೋಗಿಯವರು ಮಗಳ ಕೈಗೆ ಕೈ ಚಾಚಿದರು. ಕ್ಷಮಿಸಿದೆ ಎಂಬ ಮಾತು ಅವರ ಬಾಯಿಂದ ಕೊನೆಗೂ ಬರಲಿಲ್ಲ. ಅವಳೂ ಕೇಳಲಿಲ್ಲ.

ಅವಳು ಡಬ್ಬಿಯನ್ನು ತೆಗೆದುಹಾಕಿದಳು. ನನ್ನ ಬಾಗಿಲೂ ಮುಚ್ಚಿತು. ಈಗ ಹಳೆಯ ಪುಟಗಳ ಸಾಲಿನಲ್ಲಿದ್ದೇನೆ. ಬಳ್ಳಿ, ಹೊನ್ನು, ಕಡಲು ಯಾವುದೂ ಮೈಮೇಲಿಲ್ಲ. ನನ್ನ ಚೆಲುವನ್ನು ಹೊಗಳಿದ ಮಾತುಗಳು ಮಾತ್ರ ಕೆಳಗೆ ಹಾಗೇ ಇವೆ. ಅವನ್ನು ಅಳಿಸುವ ಹಕ್ಕು ಅವಳಿಗಿಲ್ಲ. ಒಮ್ಮೊಮ್ಮೆ ಅವಳು ಬರುತ್ತಾಳೆ. ಕೆಳಗಿನ ಆ ಹೊಗಳಿಕೆಯವರೆಗೆ ಇಳಿಯುವುದಿಲ್ಲ.